ಎಡಗಡೆ ಸ್ಟಾಶನದು

ನೀಲಿ ಗೆರೆ ಕಣ್ಣಿಗೆ ಬೀಳದಿದ್ದರೆ ಎಲ್ಲವೂ ಎಂದಿನ ಹಾಗೆ ನಡೆದುಹೋಗುತ್ತಿತ್ತು ಎಂದು ನಾರ್ಬರ್ಟನಿಗೆ ಅನ್ನಿಸಿತು. ಈಸ್ಟರಿನ ಹಿಂದಿನ ಶನಿವಾರ. ಮಗಳು ರೆನೆಯ ಬೂದು ಬಣ್ಣದ ಕಾರನ್ನು ಗ್ಯಾರೇಜಿನ ಮುಂದಿನ ಅಂಗಳದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟು, ಹಿಂಭಾಗವನ್ನು ಜಾಕಿನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಲಗಡೆಯ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದ. ಅವನದು ಯಾವಾಗಲೂ ಬಲಗಡೆಯಿಂದಲೇ ಶುರು. ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಹಾಸಿ, ಅದರ ಮೇಲೆ ಮಂಡಿಯೂರಿ, ಬ್ರೇಕಿನ ಹಿಂಬದಿಗೆ ಟಾರ್ಚು ಬಿಟ್ಟಾಗ ಕಂಡಿತು: ದಪ್ಪ ಬೋಲ್ಟಿನ ತಲೆಯಿಂದ ಹಿಡಿದು ಅದು ಕಚ್ಚಿಕೊಂಡಿದ್ದ ಕಬ್ಬಿಣದವರೆಗೆ ಎಳೆದ ಒಂದು ಗೆರೆ. ಮೇಲಿನ ಬೋಲ್ಟಿಗೊಂದು, ಕೆಳಗಿನದಕ್ಕೊಂದು. ಹಿಮ ಕರಗಲೆಂದು ಚಳಿಗಾಲವಿಡೀ ರಸ್ತೆಗೆ ಸುರಿಯುವ ಉಪ್ಪು ತಿಂದು ಮಾಸಿದ್ದರೂ ನೀಲಿ ನೀಲಿಯೇ. ಎರಡು ವರ್ಷದ ಹಿಂದೆ ಈ ಬ್ರೇಕನ್ನು ಬಿಚ್ಚಿ ಜೋಡಿಸಿದವನು ಅವನೇ. ಕಾರ್ಖಾನೆಯಲ್ಲಾದರೆ ಬೋಲ್ಟು ಬಿಗಿದಾಯಿತು ಎನ್ನುವುದಕ್ಕೆ ಹೀಗೆ ಗೆರೆ ಎಳೆಯುತ್ತಿದ್ದರು, ಅದೂ ಹಳದಿಯಲ್ಲಿ. ಮನೆಯಲ್ಲಿ ಅವನು ಯಾವತ್ತೂ ಎಳೆದವನಲ್ಲ. ಗುರುತು ಹಾಕುವವನು ತನ್ನ ಕೈಯನ್ನೇ ನಂಬದವನು ಎಂದು ಎದುರುಮನೆಯ ಲೆಸ್ಟರನ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು. ಹಾಗಾದರೆ ಇದನ್ನು ಎಳೆದವರು ಯಾರು? ಬೇರೆ ಯಾರು, ಅವನೇ. ಎಳೆದಿದ್ದಾನೆ, ಮರೆತಿದ್ದಾನೆ. ಅವನು ಟಾರ್ಚು ಆರಿಸಿದ.

ಎದ್ದು ಹೋಗಿ ಗ್ಯಾರೇಜಿನ ಡ್ರಾಯರುಗಳನ್ನೆಲ್ಲ ಜಾಲಾಡಿದ. ಒಣಗಿದ ಹಳದಿ ಬಣ್ಣದ ಪೆನ್ನುಗಳು ಸಿಕ್ಕವು, ಒಂದು ಹಸಿರು ಸಿಕ್ಕಿತು, ಲರೇನ್ ಹುಡುಕಿ ಹುಡುಕಿ ಕೈಬಿಟ್ಟಿದ್ದ ಕತ್ತರಿ ಸಿಕ್ಕಿತು. ನೀಲಿ ಮಾತ್ರ ಇಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಒಳಗೆ ಅವನ ಹೆಂಡತಿ ಲರೇನ್ ಚರ್ಚಿಗೆ ಒಯ್ಯುವ ಬುಟ್ಟಿ ತುಂಬುತ್ತಿದ್ದಳು: ಬಣ್ಣದ ಮೊಟ್ಟೆ, ಸಾಸೇಜು, ಮೂಲಂಗಿಯ ಖಾರದ ಗೊಜ್ಜು, ಉಪ್ಪು, ದುಂಡಗಿನ ಬ್ರೆಡ್ಡು. ಮಧ್ಯಾಹ್ನ ಪಾದ್ರಿ ಇದಕ್ಕೆಲ್ಲ ನೀರು ಚಿಮುಕಿಸಿದ ಮೇಲೇ ನಾಳೆ ಬೆಳಿಗ್ಗೆ ಬಾಯಿಗಿಡುವುದು. ಮೊಮ್ಮಗಳು ಜೋಸಿ ಕುರ್ಚಿಯ ಮೇಲೆ ಹತ್ತಿ ನಿಂತು, ಬೆಣ್ಣೆಯಲ್ಲಿ ಮಾಡಿದ ಕುರಿಮರಿಗೆ ಕಣ್ಣಿನ ಜಾಗದಲ್ಲಿ ಮೆಣಸಿನ ಕಾಳು ಒತ್ತುತ್ತಿದ್ದಳು.

"ನೀಲಿ ಪೆನ್ನು ನೋಡಿದ್ಯಾ ಲರೇನ್?"

"ಫ್ರಿಜ್ಜಿನ ಮೇಲಿದೆ ನೋಡಿ," ಎಂದು ಅವಳು ಎಟುಕಿಸಿ ಕೊಟ್ಟದ್ದು ಬ್ಯಾಂಕಿನವರು ಪುಕ್ಕಟೆ ಹಂಚಿದ ಬರೆಯುವ ಪೆನ್ನು.

"ಇದಲ್ಲ ಕಣೇ. ಕಬ್ಬಿಣದ ಮೇಲೆ ಬರಿಯೋದು. ನಾನು ಯಾವಾಗ್ಲಾದ್ರೂ ತಂದಿದ್ನಾ?"

ಲರೇನ್ ರೆನೆಯ ಮುಖ ನೋಡಿದಳು. ಸಿಂಕಿನ ಹತ್ತಿರ ಲೋಟ ತೊಳೆಯುತ್ತಿದ್ದ ರೆನೆ ನಲ್ಲಿಯ ಕಡೆ ತಿರುಗಿದಳು. ಇತ್ತೀಚೆಗೆ ಅವನು ಏನು ಕೇಳಿದರೂ ಈ ಮನೆಯಲ್ಲಿ ಉತ್ತರ ಬರುವ ಮೊದಲು ಇಂಥದ್ದೊಂದು ನೋಟ ಅತ್ತಿಂದಿತ್ತ ಹೋಗುತ್ತಿತ್ತು. "ಗೊತ್ತಿಲ್ಲಪ್ಪ," ಎಂದಳು ರೆನೆ. ಆಮೇಲೆ ಮಾತು ಬದಲಿಸುವ ಹಾಗೆ, "ಚರ್ಚಿಗೆ ಜೋಸಿ ಅಜ್ಜಿ ಕಾರಲ್ಲೇ ಬರ್ಲಿ ಬಿಡು. ಬುಟ್ಟಿ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ. ನನಗೆ ಅಂಗಡಿ ಕೆಲಸ ಇದೆ, ಮುಗಿಸ್ಕೊಂಡು ಬಂದ್ಬಿಡ್ತೀನಿ," ಎಂದಳು. ನಾರ್ಬರ್ಟ್ ತಲೆಯಾಡಿಸಿದ. ತಾನು ಕೈಯಾರೆ ಬ್ರೇಕು ಹಾಕಿದ ಕಾರಿನಲ್ಲಿ ಮೊಮ್ಮಗಳು ಮೊದಲ ಸುತ್ತು ಹೋಗಬೇಕೆಂಬ ಆಸೆ ಅವನಿಗಿತ್ತು, ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆಂದು ತಿಳಿಯಲಿಲ್ಲ. ಬ್ಯಾಂಕಿನ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಗೆ ಬಂದ.

ಬೋಲ್ಟುಗಳನ್ನು ಬಿಚ್ಚಿದವನು ಮೊದಲು ಮಾಡಿದ ಕೆಲಸವೆಂದರೆ ತಂತಿಯ ಬ್ರಷ್ಷಿನಿಂದ ಅವುಗಳ ತಲೆ ತಿಕ್ಕಿದ್ದು. ತುಕ್ಕಿನ ಜೊತೆ ನೀಲಿಯೂ ಹೋಗಬೇಕು, ಕುರುಹೂ ಉಳಿಯಬಾರದು. ಕೈ ಬಿರುಸಾಗಿ ಆಡುತ್ತಿದ್ದಂತೆ ಕಳೆದ ತಿಂಗಳ ಒಂದು ಶುಕ್ರವಾರ ನೆನಪಿಗೆ ಬಂತು, ಚರ್ಚಿನ ಹಾಲಿನಲ್ಲಿ ಮೀನೂಟ, ಉದ್ದನೆಯ ಮೇಜು, ಎಣ್ಣೆಯ ವಾಸನೆ. ಅವನು ಕಾರ್ಖಾನೆಯಲ್ಲಿ ಜೊತೆಗೆ ದುಡಿದ ಸ್ಟಾಶನ ಟೋಪಿ ಬೆಲ್ಟಿಗೆ ಸಿಕ್ಕಿ ಇಡೀ ಲೈನು ಸುತ್ತಿ ಬಂದ ಕಥೆ ಹೇಳುತ್ತಿದ್ದ. ಎಲ್ಲರೂ ನಕ್ಕರು. ಸರಿಯಾದ ಜಾಗದಲ್ಲೇ ನಕ್ಕರು, ಸ್ವಲ್ಪ ಹೆಚ್ಚೇ ಸರಿಯಾದ ಜಾಗದಲ್ಲಿ, ಟೋಪಿ ವಾಪಸು ಬರುವುದಕ್ಕೆ ಮೊದಲೇ ಒಬ್ಬ ನಗಲು ತಯಾರಾಗಿ ಕೂತಿದ್ದ. ಮೇಜಿನ ಕೆಳಗೆ ಲರೇನಳ ಕೈ ಬಂದು ಅವನ ತೊಡೆಯ ಮೇಲೆ ಕೂತಿತು. ಆಗ ತಿಳಿಯಿತು, ಈ ಕಥೆಯನ್ನು ಇದೇ ಜನಕ್ಕೆ, ಇದೇ ಮೀನು ತಟ್ಟೆಯಲ್ಲಿರುವಾಗಲೇ, ಒಂದು ಸಲ ಹೇಳಿ ಮುಗಿಸಿದ್ದಾನೆ ಎಂದು. ಒಬ್ಬನಾದರೂ "ಏ, ಈಗಷ್ಟೇ ಹೇಳಿದ್ಯಲ್ಲೋ ಮುದುಕ" ಎಂದು ಬೈದಿದ್ದರೆ ಅವನೂ ನಕ್ಕು ಪಾರಾಗುತ್ತಿದ್ದ. ಯಾರೂ ಬೈಯಲಿಲ್ಲ. ಅಷ್ಟು ಜನ ಒಟ್ಟಿಗೆ ಕರುಣೆ ತೋರಿಸಿದ್ದನ್ನು ಅವನು ಈವರೆಗೂ ಕ್ಷಮಿಸಿಲ್ಲ. ಬೋಲ್ಟಿನ ತಲೆ ಬೆಳ್ಳಿಯಂತೆ ಹೊಳೆಯತೊಡಗಿದ ಮೇಲೂ ತಿಕ್ಕುತ್ತಲೇ ಇದ್ದ.

ಹಳೆಯ ಡಿಸ್ಕು ತುಕ್ಕಿಗೆ ಅಂಟಿಕೊಂಡು ಬರಲೊಲ್ಲೆನೆಂದಿತು. ಈ ಕೆರೆಯಂಚಿನ ಊರಿನ ಕಾರುಗಳ ಹಣೆಬರಹವೇ ಇಷ್ಟು, ರಸ್ತೆಯ ಉಪ್ಪು ಒಳಹೊಕ್ಕು ಎರಡು ಕಬ್ಬಿಣವನ್ನು ಒಂದು ಮಾಡಿಬಿಡುತ್ತದೆ. ಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ಸುತ್ತಲೂ ಬಡಿದ. ಭುಜ ಕಿತ್ತು ಬರುವಂತಾದಾಗ ಅದು ದೊಪ್ಪನೆ ಕಳಚಿಕೊಂಡಿತು. ಆ ಸದ್ದು ಕೇಳಿದ್ದೇ ಅವನ ಜೀವಕ್ಕೆ ನಿಜವಾದ ಸುಖವಾಯಿತು. ಇನ್ನು ಮುಂದಿನದೆಲ್ಲ ಕೈಗೆ ಗೊತ್ತು. ಹೊಸ ಡಿಸ್ಕಿನ ಮೇಲಿನ ಎಣ್ಣೆಯ ಪೊರೆ ಒರೆಸಬೇಕು. ಹಿಂದಿನ ಬ್ರೇಕಿನ ಪಿಸ್ಟನ್ನನ್ನು ಮುಂದಿನದರ ಹಾಗೆ ಬರೇ ಒತ್ತಿದರೆ ಒಳಗೆ ಹೋಗುವುದಿಲ್ಲ, ಹ್ಯಾಂಡ್ ಬ್ರೇಕು ಅದರೊಳಗೇ ಇರುವುದರಿಂದ ಒತ್ತುತ್ತಲೇ ತಿರುಗಿಸಬೇಕು, ತಿರುಪಿನ ಹಾಗೆ. ಗೊತ್ತಿಲ್ಲದವರು ಒತ್ತಿ ಒತ್ತಿ ಒಡೆದುಹಾಕುತ್ತಾರೆ. ಅವನ ಕೈ ಒತ್ತಿತು, ತಿರುಗಿಸಿತು. ಯಾವ ಕಡೆಗೆ ಎಂದು ತಲೆ ಕೇಳುವ ಮೊದಲೇ ಕೈ ಉತ್ತರ ಕೊಟ್ಟಾಗಿತ್ತು. ಬ್ರೇಕಿನ ಹಿಡಿಯನ್ನು ಅದರ ಜಾಗದಲ್ಲಿ ಕೂರಿಸಿ, ಎರಡು ದಪ್ಪ ಬೋಲ್ಟುಗಳನ್ನು ಮೊದಲು ಬೆರಳಲ್ಲಿ ತಿರುಗಿಸಿ, ಆಮೇಲೆ ಉದ್ದ ಹಿಡಿಯ ಅಳತೆ ಸ್ಪ್ಯಾನರು ತೆಗೆದುಕೊಂಡ. ಬೇಕಾದಷ್ಟು ಬಿಗಿಯಾದಾಗ ಅದು ಟಕ್ ಎನ್ನುತ್ತದೆ. ಟಕ್. ಇನ್ನೊಂದಕ್ಕೂ, ಟಕ್.

ಅಷ್ಟೂ ವರ್ಷ ಅವನು ಕೇಳಿದ್ದು ಇದೇ ಟಕ್. ಕಾರ್ಖಾನೆಯ ಲೈನಿನ ಬಲಗಡೆ ಅವನು, ಎಡಗಡೆ ಸ್ಟಾಶ್. ಮಧ್ಯದಲ್ಲಿ ಕೊಂಡಿಗೆ ತೂಗಿಕೊಂಡು ಆಕ್ಸಲ್ಲು ಬಂದು ನಿಲ್ಲುತ್ತಿತ್ತು. ಬಲತುದಿಯ ಬೋಲ್ಟು ಇವನು ಬಿಗಿಯಬೇಕು, ಎಡತುದಿಯದು ಅವನು. ಮುಗಿದವನು "ಹೋಯ್" ಎನ್ನಬೇಕು. ಎರಡು ಹೋಯ್ ಬಿದ್ದ ಮೇಲೇ ಲೈನು ಮುಂದೆ ಹೋಗುವುದು. ಆಕ್ಸಲ್ಲಿನ ಮರೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ. ಸ್ಟಾಶ್ ಕುಡಿದು ಬಂದ ದಿನವೂ, ಹೆಂಡತಿ ಬಿಟ್ಟುಹೋದ ದಿನವೂ, ಎಡಗಡೆಯಿಂದ ಹೋಯ್ ಬಂತೆಂದರೆ ಎಡಗಡೆ ಬಿಗಿಯಾಯಿತೆಂದೇ ಅರ್ಥ. ನಾರ್ಬರ್ಟ್ ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಕಾರ್ಖಾನೆ ಮುಚ್ಚಿತು, ಸ್ಟಾಶನನ್ನು ಮಣ್ಣುಮಾಡಿದ್ದೂ ಆಯಿತು. ಆದರೂ ಯಾವ ಕಾರಿನ ಕೆಳಗೆ ಕೂತರೂ ಬಲಗಡೆಯದು ಮುಗಿದೊಡನೆ ಮೈಯ ಅರ್ಧ ಭಾಗ ಕೆಲಸ ಮುಗಿಯಿತೆಂದು ಸಡಿಲಾಗಿಬಿಡುತ್ತದೆ, ಎಡಗಡೆ ತನ್ನದಲ್ಲ ಎನ್ನುವ ಹಾಗೆ. ಅದನ್ನು ಎಳೆದು ತಂದು ಎಡಗಡೆಗೆ ಕೂರಿಸಬೇಕು.

ಎಡಗಡೆಯ ಚಕ್ರವನ್ನೂ ಬಿಚ್ಚಿ ಅಲ್ಲಿ ಕೂತ. ಅಲ್ಲಿಯ ಬೋಲ್ಟಿನಲ್ಲೂ ನೀಲಿ ಗೆರೆಯಿತ್ತು. ಅದನ್ನೂ ತಿಕ್ಕಿ ತೆಗೆದ. ಡಿಸ್ಕು ಬಡಿದು ಕಳಚಿದ, ಹೊಸದು ಕೂರಿಸಿದ, ಪಿಸ್ಟನ್ನು ತಿರುಗಿಸಿದ, ಬೋಲ್ಟುಗಳನ್ನು ಬೆರಳಲ್ಲಿ ತಿರುಗಿಸಿದ. ಆಗ ಅಂಗಳದ ತುದಿಯಲ್ಲಿ ಎರಡು ರಬ್ಬರ್ ಬೂಟು ಕಂಡವು. ಈ ಬೀದಿಯಲ್ಲಿ ಯಾರದ್ದಾದರೂ ಕಾರಿನ ಚಕ್ರ ಕಳಚಿತೆಂದರೆ ಸರಿ, ಗಂಡಸರು ಒಬ್ಬೊಬ್ಬರಾಗಿ ಬಂದು ಜೇಬಿಗೆ ಕೈಹಾಕಿ ನಿಲ್ಲುತ್ತಾರೆ. ಕೆಲಸಕ್ಕೆ ಕೈ ಹಾಕುವುದಿಲ್ಲ, ಹಾಕಬಾರದು, ಅದು ಅವಮಾನ ಮಾಡಿದಂತೆ. ನಿಂತು ನೋಡಬೇಕು, ತಪ್ಪು ಹುಡುಕಬೇಕು.

"ಏನಯ್ಯಾ ನಾರ್ಬ್, ಹಬ್ಬಕ್ಕೆ ಕಾರಿಗೂ ಪಾಪನಿವೇದನೆ ಮಾಡಿಸ್ತಿದ್ದೀಯೇನು?" ಎಂದ ಲೆಸ್ಟರ್. ಅವನ ಕೈಯಲ್ಲಿ ನಿಂಬೆ ಸೋಡದ ಡಬ್ಬಿ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಿಗೆಂದು ಬಿಯರು ಬಿಟ್ಟಿದ್ದ, ಅದನ್ನು ಬೀದಿಗೆಲ್ಲ ಸಾರಿದ್ದ.

"ನಿನ್ನ ಹಾಗಲ್ಲಪ್ಪ, ಇದಕ್ಕೆ ಪಾಪ ಕಮ್ಮಿ. ಬರೀ ತುಕ್ಕು."

"ಮೇಲಿಂದ ನೋಡಿದ್ರೆ ಪ್ಯಾಡು ಉಲ್ಟಾ ಹಾಕಿರೋ ಹಾಗಿದೆ."

"ನಿನ್ನ ಕಣ್ಣೇ ಉಲ್ಟಾ. ನಾಳೆ ರಾತ್ರಿ ನೀನು ಕುಡಿಯೋದನ್ನ ನೆನಸ್ಕೊಂಡ್ರೆ ಈಗ್ಲೇ ನಂಗೆ ತಲೆ ಸುತ್ತತ್ತೆ."

ಲೆಸ್ಟರ್ ನಕ್ಕ. ಅವನ ಭಾವನ ಲಾರಿಯ ಕಥೆ ಶುರುವಾಯಿತು, ಬ್ರೇಕು ಹೋಗಿ ದಾಂಡಿಗನಂಥ ಲಾರಿ ಯಾರದೋ ಈಜುಕೊಳಕ್ಕೆ ಇಳಿದ ಕಥೆ. ನಾರ್ಬರ್ಟ್ ನಗುತ್ತ, ಹೂಂಗುಟ್ಟುತ್ತ ಕೆಲಸ ಮಾಡಿದ. ಬೈಗುಳ ಹಗುರವಾಗಿ ಹಾರಾಡುತ್ತಿತ್ತು, ಯಾರೂ ಯಾರ ಮೇಲೂ ಕರುಣೆ ತೋರಿಸುತ್ತಿರಲಿಲ್ಲ, ಎಷ್ಟೋ ದಿನದ ಮೇಲೆ ಅವನು ಮೊದಲಿನ ನಾರ್ಬ್ ಆಗಿದ್ದ. ಚಕ್ರ ಎತ್ತಿ ಕೂರಿಸಿದ, ನಟ್ಟು ತಿರುಗಿಸಿದ, ಕಾರನ್ನು ಕೆಳಗಿಳಿಸಿದ, ಸೀಟಿನಲ್ಲಿ ಕೂತು ಬ್ರೇಕಿನ ಪೆಡಲನ್ನು ಮೆಲ್ಲಗೆ ಒತ್ತಿ ಒತ್ತಿ ಬಿಟ್ಟ. ಮೊದಲು ನೆಲದವರೆಗೂ ಹೋದ ಪೆಡಲು ನಿಧಾನವಾಗಿ ಕಾಲಿಗೆ ಎದುರು ನಿಂತಿತು. ಲೆಸ್ಟರ್ ಹೆಬ್ಬೆರಳೆತ್ತಿ ತೋರಿಸಿ ಮನೆಗೆ ಹೋದ. ಆಗ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತವನಿಗೆ, ಎಡಗಡೆಯ ಟಕ್ ನೆನಪಿಗೆ ಬರಲಿಲ್ಲ.

ಬರಲಿಲ್ಲ ಎಂದರೆ, ಬಂತು, ಬೇಕಾದಷ್ಟು ಬಂದವು. ಬಲಗಡೆಯ ಎರಡು ಟಕ್ ಸ್ಪಷ್ಟವಾಗಿತ್ತು. ಎಡಗಡೆಯದೆಂದು ಹುಡುಕಿದರೆ ಹೋದ ವರ್ಷದ್ದು ಬಂತು, ಲೆಸ್ಟರನ ವ್ಯಾನಿಗೆ ಹಾಕಿದ್ದು ಬಂತು, ಕಾರ್ಖಾನೆಯ ಲೆಕ್ಕವಿಲ್ಲದ ಟಕ್‌ಗಳು ಒಂದರ ಮೇಲೊಂದು ಬಿದ್ದವು. ಎಲ್ಲವೂ ಒಂದೇ ತರಹ ಇದ್ದವು, ಯಾವುದಕ್ಕೂ ತಾರೀಖಿರಲಿಲ್ಲ. ಈಜುಕೊಳಕ್ಕೆ ಲಾರಿ ಇಳಿದಾಗ ಅವನ ಕೈಯಲ್ಲಿ ಏನಿತ್ತು? ಸ್ಪ್ಯಾನರೇ? ಆಗಲೇ ಚಕ್ರವೇ? ಬೆರಳಲ್ಲಿ ಬೋಲ್ಟು ತಿರುಗಿಸಿದ್ದು ನೆನಪಿದೆ. ಚಕ್ರ ಎತ್ತಿದ್ದು ನೆನಪಿದೆ. ನಡುವಿನ ಜಾಗದಲ್ಲಿ, ಆಕ್ಸಲ್ಲಿನ ಆಚೆಯಿಂದ, ಮುಖ ಕಾಣದ ಸ್ಟಾಶ್ "ಹೋಯ್" ಎಂದ. ಇಷ್ಟೇ. ಬೆರಳ ಬಿಗುವಿನ ಬೋಲ್ಟು ನಾಲ್ಕು ದಿನ ನಿಲ್ಲಬಹುದು, ಇಲ್ಲವೇ ಚರ್ಚಿನ ಇಳಿಜಾರಿನಲ್ಲೇ ಬಿಚ್ಚಿಕೊಳ್ಳಬಹುದು. ಬಿಚ್ಚಿಕೊಂಡರೆ ಬ್ರೇಕು ಕಳಚಿ ಚಕ್ರದೊಳಕ್ಕೆ ಬೀಳುತ್ತದೆ. ನೀಲಿ ಗೆರೆಯನ್ನು ತಿಕ್ಕದೆ ಬಿಟ್ಟಿದ್ದರೆ ಟಾರ್ಚು ಬಿಟ್ಟು, ಗೆರೆಗೆ ಗೆರೆ ಕೂಡಿದೆಯೇ ಎಂದು ನೋಡಬಹುದಿತ್ತು. ಎಷ್ಟು ಶ್ರದ್ಧೆಯಿಂದ ತಿಕ್ಕಿದ್ದ!

ಇನ್ನೊಮ್ಮೆ ಬಿಚ್ಚಿ ನೋಡಿದರಾಯಿತು, ಅದಕ್ಕೇನು. ಹಾಗೆಂದುಕೊಂಡೇ ಕೆಳಗಿಳಿದು, ಎಡಚಕ್ರದ ನಟ್ಟುಗಳನ್ನು ಸಡಿಲಿಸಿ, ಜಾಕು ತಳ್ಳಿ ಕಾರಿನ ಮೂಲೆ ಎತ್ತತೊಡಗಿದ. ಚಕ್ರ ನೆಲ ಬಿಡುವಷ್ಟರಲ್ಲಿ ಬಾಗಿಲು ತೆರೆದ ಸದ್ದಾಯಿತು. ರೆನೆ ಎರಡು ಕಾಫಿ ಹಿಡಿದು ಬರುತ್ತಿದ್ದಳು.

"ಆಯ್ತು ಅಂತ ಲೆಸ್ಟರ್ ಕೂಗಿ ಹೇಳಿದ್ರು?"

"ಆಯ್ತು."

"ಮತ್ತ್ಯಾಕಪ್ಪ ಜಾಕು?"

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಹೇಳಿಬಿಡುತ್ತಿದ್ದ. ಇದ್ದದ್ದು ಮೀನೂಟದ ದಿನದ ಆ ಮೆತ್ತನೆಯ ಜಾಗರೂಕತೆ, ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಾಗ ದೊಡ್ಡವರು ಮಾತಾಡುತ್ತಾರಲ್ಲ, ಹಾಗೆ. ಇವಳಿಗೆ ಸೈಕಲ್ಲು ಕಲಿಸಿದ್ದು ಇದೇ ಅಂಗಳದಲ್ಲಿ. ಹದಿನಾರು ತುಂಬಿದಾಗ ಚಕ್ರ ಬದಲಿಸುವುದನ್ನು ಕಲಿಯುವವರೆಗೂ ಕಾರಿನ ಕೀ ಕೊಡಲಿಲ್ಲವೆಂದು ಮೂರು ದಿನ ಮಾತು ಬಿಟ್ಟಿದ್ದಳು. ಈಗ ಅವನ ಹತ್ತಿರ ಇವಳಿಗೆ ಕೊಡುವುದಕ್ಕೆ ಉಳಿದಿರುವುದು ಇದೊಂದೇ. ದುಡ್ಡಿಲ್ಲ, ಬುದ್ಧಿಮಾತು ಬೇಡವಾಗಿದೆ. ಬ್ರೇಕು, ಎಣ್ಣೆ, ಬ್ಯಾಟರಿ. ನೆನಪಿಲ್ಲ ಎಂದು ಇವತ್ತು ಬಾಯಿಬಿಟ್ಟರೆ ನಾಳೆಯಿಂದ ಅದೂ ಇಲ್ಲ. ಹಬ್ಬಕ್ಕೆ ಬರುತ್ತಾರೆ, ಕೂರಿಸಿ ಕಾಫಿ ಕೊಡುತ್ತಾರೆ.

"ಸುಮ್ನೆ," ಎಂದ. "ನಟ್ಟು ಇನ್ನೊಂಚೂರು ಬಿಗಿ ಮಾಡೋಣ ಅಂತ."

"ಹೂಂ." ಅವಳು ಕದಲಲಿಲ್ಲ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅವಳು ನೋಡುತ್ತಿರುವಂತೆಯೇ ಅವನು ಜಾಕು ಇಳಿಸಿದ. ಸಡಿಲಿಸಿದ ನಟ್ಟುಗಳನ್ನು ಒಂದೊಂದಾಗಿ ಮತ್ತೆ ಬಿಗಿದ. ಟಕ್, ಟಕ್, ಟಕ್. ಇವು ಚಕ್ರದ ನಟ್ಟಿನವು. ಒಳಗಿನ ಬೋಲ್ಟಿನ ಗುಟ್ಟನ್ನು ಮುಚ್ಚಿ ಬೀಗ ಹಾಕುವ ಟಕ್‌ಗಳು. ಕಾಫಿ ತುಂಬ ಚೆನ್ನಾಗಿದೆ ಎಂದ.

ರೆನೆ ಒಳಗೆ ಹೋಗಿ ಕೋಟು ಹಾಕಿಕೊಂಡು ಬರುವವರೆಗೂ ಅವನು ಹಳೆಯ ಡಿಸ್ಕುಗಳನ್ನು ಎತ್ತಿಡುವ ನಾಟಕವಾಡಿದ. ಹೇಳಬೇಕು. ಹೇಳುತ್ತೇನೆ, ಅವಳು ಬಂದ ಕೂಡಲೇ. ಅಥವಾ ಹೇಳುವುದೇನೂ ಬೇಡ, ಅಂಗಡಿ ಹತ್ತಿರದಲ್ಲೇ ಇದೆ, ಸಮತಟ್ಟು ರಸ್ತೆ, ಸಂಜೆ ಅವಳು ವಾಪಸು ಬಂದ ಮೇಲೆ ಯಾರಿಗೂ ಕಾಣದಂತೆ ಬಿಚ್ಚಿ ನೋಡಿದರಾಯಿತು. ಬಿಗಿದೇ ಇರುತ್ತೇನೆ. ಕೈಗೆ ಗೊತ್ತಿರುತ್ತದೆ, ಕೈ ಯಾವತ್ತೂ ಬಿಟ್ಟಿಲ್ಲ. ಈ ಕೈಯೇ ತಾನೆ ನೀಲಿ ಗೆರೆ ಎಳೆದು ಅವನಿಗೆ ತಿಳಿಸದೆ ಇದ್ದದ್ದು! ಕೈಗೆ ಗೊತ್ತಿದ್ದು ತಲೆಗೆ ಗೊತ್ತಿಲ್ಲದಿದ್ದರೆ ಇನ್ನು ಅವನು ನಂಬಬೇಕಾದ್ದು ಯಾವುದನ್ನು? ರೆನೆ ಬಂದಳು, ಕಾರಿಗೆ ಕೂತಳು. ಅವನು ಒಂದು ಹಳೆಯ ಡಿಸ್ಕನ್ನು ಇನ್ನೊಂದರ ಮೇಲಿಟ್ಟ. ಅವಳು ಇಂಜಿನ್ನು ಶುರು ಮಾಡಿದಳು. ನಾಚಿಕೆಯೆನ್ನುವುದು ಇಷ್ಟು ತೂಕದ್ದೆಂದು ಅವನಿಗೆ ಗೊತ್ತಿರಲಿಲ್ಲ.

ಆಗ ಮನೆಯೊಳಗಿಂದ ಜೋಸಿ ಓಡಿಬಂದಳು, ಹಬ್ಬದ ಹಳದಿ ಫ್ರಾಕಿನಲ್ಲಿ. ಸೀದಾ ಹೋಗಿ ರೆನೆಯ ಕಾರಿನ ಹಿಂಬಾಗಿಲು ತೆಗೆದು ಒಳಗೆ ತೂರಿಕೊಂಡಳು. ಬಾಗಿಲು ಧಡ್ಡೆಂದು ಮುಚ್ಚಿತು. ಎಡಗಡೆಯ ಬಾಗಿಲು, ಎಡಚಕ್ರದ ಮೇಲೆಯೇ.

ನಾರ್ಬರ್ಟ್ ಓಡಿದ. ಮಸಿ ಹತ್ತಿದ ಎರಡೂ ಅಂಗೈಯಿಂದ ರೆನೆಯ ಕಿಟಕಿ ಬಡಿದ, ಗಾಜಿನ ಮೇಲೆ ಕಪ್ಪು ಅಚ್ಚು ಬಿದ್ದವು. ಗಾಜು ಇಳಿಯಿತು.

"ಇಳೀರಿ. ಇಬ್ರೂ ಇಳೀರಿ."

"ಅಪ್ಪ, ಏನಾಯ್ತು?"

"ಎಡಗಡೆದು ಬಿಗಿದಿದೀನೋ ಇಲ್ವೋ ಗೊತ್ತಿಲ್ಲ ರೆನೆ. ನೆನಪಿಲ್ಲ. ಎಷ್ಟು ಯೋಚನೆ ಮಾಡಿದ್ರೂ ನೆನಪಿಗೆ ಬರ್ತಿಲ್ಲ. ಆಗ್ಲೇ ಜಾಕು ಹಾಕಿದ್ದು ಅದಕ್ಕೇ. ನಿನ್ ಹತ್ರ ಸುಳ್ಳು ಹೇಳ್ದೆ." ಮಾತು ಒಂದೇ ಉಸಿರಿಗೆ ಬಂದು ಮುಗಿದುಹೋಯಿತು. ಅವಳು ಗಾಬರಿಯಾಗುತ್ತಾಳೆ, ಬೈಯುತ್ತಾಳೆ, ಮಗು ಕೂತಿದೆಯಲ್ಲಪ್ಪಾ ಎಂದು ಕಿರುಚುತ್ತಾಳೆ. ಕಿರುಚಲಿ ಎಂದು ಕಾದ.

ರೆನೆ ಇಂಜಿನ್ನು ಆರಿಸಿದಳು. ಗಾಬರಿಯಾದಂತೆ ಕಾಣಲಿಲ್ಲ. "ಜೋಸಿ, ಕೈಗವಸು ಸಿಕ್ತಾ? ಸಿಕ್ಕಿದ್ರೆ ಇಳಿ, ಬಾಬ್ಚಾ ಜೊತೆ ಹೋಗು," ಎಂದಳು. ಜೋಸಿ ನೇರಳೆ ಬಣ್ಣದ ಕೈಗವಸನ್ನು ಎತ್ತಿ ತೋರಿಸಿ ಇಳಿದು, ಬುಟ್ಟಿ ಹಿಡಿದು ಬರುತ್ತಿದ್ದ ಅಜ್ಜಿಯ ಕಡೆ ಓಡಿದಳು. ಅವಳು ಈ ಕಾರಿನಲ್ಲಿ ಹೋಗುವುದಿರಲೇ ಇಲ್ಲ.

"ಪರ್ವಾಗಿಲ್ಲಪ್ಪ," ಎಂದಳು ರೆನೆ, ಸ್ಟೀರಿಂಗು ನೋಡುತ್ತ. "ನಾನು ಅಲ್ಲಿಗೇ ಹೊರಟಿದ್ದು. ಸೇತುವೆ ಹತ್ರದ ವರ್ಕ್‌ಶಾಪಿಗೆ. ಹೇಳಿಟ್ಟಿದೀನಿ. ಎತ್ತಿ ಒಂದ್ಸಲ ಎಲ್ಲ ನೋಡ್ಕೊಡ್ತಾರೆ. ನಿಧಾನಕ್ಕೆ ಹೋಗ್ತೀನಿ, ಬಂದ್ಬಿಡತ್ತೆ."

"ಅಂಗಡಿ ಕೆಲಸ ಅಂದೆ."

ಅವಳು ಸ್ಟೀರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದಳು.

"ಹೇಳಿಟ್ಟಿದೀನಿ ಅಂದ್ರೆ, ಯಾವಾಗ?"

"ಹೋದ ವಾರ."

ಅಂದರೆ ಅವನು ಮರೆಯುವ ಮೊದಲೇ. ಬಿಚ್ಚುವ ಮೊದಲೇ, ಹೊಸ ಡಿಸ್ಕು ಮನೆಗೆ ಬರುವ ಮೊದಲೇ. ಕಿಟಕಿಯ ಅಂಚು ಹಿಡಿದಿದ್ದ ತನ್ನ ಕೈಯನ್ನು ನಾರ್ಬರ್ಟ್ ನೋಡಿದ. ಏನೋ ಒಂದು ತಾನಾಗಿ ಬಂದು ಅದರ ಜಾಗದಲ್ಲಿ ಕೂರುತ್ತಿತ್ತು, ತಡೆಯಬೇಕೆನಿಸಿತು, ತಡೆಯಲಾಗಲಿಲ್ಲ.

"ಎರಡು ವರ್ಷದ ಹಿಂದೆ ಹಾಕಿದ್ನಲ್ಲ, ಆಗ್ಲೂ?"

"ಅಪ್ಪ..."

"ಹೇಳು."

"ಆಗ್ಲೂ." ಅವಳ ಕಣ್ಣು ತುಂಬಿತ್ತು. "ಆಗ ನೀನು ಸರಿಯಾಗೇ ಮಾಡಿದ್ದೆ. ಎಲ್ಲ ಸರಿ ಇದೆ ಅಂದ್ರು. ಒಂದ್ಸಲ ಮತ್ತೆ ಬಿಗಿದು ಕಳಿಸಿದ್ರು ಅಷ್ಟೆ. ಜೋಸಿ ಇರ್ತಾಳಲ್ಲ, ನನಗೆ ಭಯ ಆಗ್ತಿತ್ತು. ನಿನಗೆ ಹೇಳೋಕೆ ಆಗ್ಲಿಲ್ಲ."

"ಹಾಗಾದ್ರೆ ನೀಲಿ ಗೆರೆ ಅವರದ್ದು."

"ಯಾವ ನೀಲಿ ಗೆರೆ?"

ನಾರ್ಬರ್ಟನ ಮುಖದಲ್ಲಿ ನಗುವಿನಂಥದ್ದು ಬಂತು. ರೆನೆ ಅದನ್ನು ಕಂಡು ಹೆದರಿದಳು. "ನಾನಲ್ಲ," ಎಂದ ಅವನು. "ಅದನ್ನ ಎಳೆದಿದ್ದು ನಾನಲ್ಲ ಕಣೇ. ನಾನು ಮರ್ತಿರ್ಲಿಲ್ಲ." ಒಂದು ಕ್ಷಣ ಅವನಿಗೆ ಪೂರ್ತಿ ಸಂತೋಷವೇ ಆಯಿತು, ಕಳೆದುಹೋದ ವಸ್ತು ಜೇಬಿನಲ್ಲೇ ಸಿಕ್ಕ ಹಾಗೆ. ಬೆಳಿಗ್ಗೆಯಿಂದ ಹೊತ್ತಿದ್ದ ಮರೆವು ಸುಳ್ಳಾಗಿತ್ತು. ಮರುಕ್ಷಣದಲ್ಲಿ, ಅದನ್ನು ಸುಳ್ಳು ಮಾಡಿದ್ದು ಏನೆಂಬುದೂ ತಿಳಿಯಿತು. ಎರಡು ವರ್ಷದಿಂದ, ತಲೆ ನೆಟ್ಟಗಿದ್ದಾಗಲೇ, ಅವನ ಮಗಳು ಅವನ ಕೈ ಮುಟ್ಟಿದ್ದನ್ನೆಲ್ಲ ಬೇರೆಯವರ ಕೈಗೆ ಒಯ್ದು ತೋರಿಸಿದ್ದಳು. ಎಣ್ಣೆ ಬದಲಿಸಿದಾಗ, ಮುಂದಿನ ಬ್ರೇಕು ಹಾಕಿದಾಗ, ಪ್ರತಿ ಸಲವೂ "ಥ್ಯಾಂಕ್ಸ್ ಅಪ್ಪ" ಎಂದು ತಬ್ಬಿಕೊಂಡು ಹೋಗಿದ್ದಳು. ಅವನು ಮಂಡಿಯೂರಿ ಮಾಡಿದ್ದೆಲ್ಲ ಮಕ್ಕಳ ಅಡುಗೆಯಾಟ. ತಿಂದ ಹಾಗೆ ಬಾಯಾಡಿಸಿ ಚೆನ್ನಾಗಿದೆ ಎಂದಿದ್ದರು.

"ನಿಮ್ಮಮ್ಮಂಗೆ ಗೊತ್ತಾ?"

ರೆನೆ ಮೇಲಿನ ಕನ್ನಡಿಯನ್ನು ಸರಿಪಡಿಸಿಕೊಂಡಳು. ಅದು ಸರಿಯಾಗಿಯೇ ಇತ್ತು.

ಅವಳು ಕಾರನ್ನು ಮೆಲ್ಲಗೆ, ನಡೆಯುವವರಿಗಿಂತ ಮೆಲ್ಲಗೆ, ಹಿಂದಕ್ಕೆ ತೆಗೆದಳು. ಸೇತುವೆಯ ಕಡೆ ತಿರುಗಿದಳು. ನಾರ್ಬರ್ಟ್ ಎಡಚಕ್ರವನ್ನೇ ನೋಡುತ್ತಿದ್ದ. ಅದು ಎಲ್ಲ ಚಕ್ರದ ಹಾಗೆ ತಿರುಗುತ್ತ ಹೋಯಿತು. ಸಂಜೆ ಅವಳು ಬಂದು, ಬಿಗಿಯಾಗೇ ಇತ್ತಂತೆ ಅಪ್ಪ, ಎನ್ನುತ್ತಾಳೆ. ಸಡಿಲಾಗಿದ್ದರೂ ಹಾಗೆಯೇ ಎನ್ನುತ್ತಾಳೆ. ಆ ಬೋಲ್ಟಿನ ನಿಜ ಅವನಿಗಿನ್ನು ಎಂದೂ ಗೊತ್ತಾಗುವುದಿಲ್ಲ.

ಎದುರುಮನೆಯ ಮೆಟ್ಟಿಲ ಮೇಲೆ ಲೆಸ್ಟರ್ ಕಾಣಿಸಿಕೊಂಡ. "ಹೇಗೆ ನಿಲ್ತದಯ್ಯಾ?" ಎಂದು ಕೂಗಿದ.

"ಕಲ್ಲಿನ ಹಾಗೆ," ಎಂದು ನಾರ್ಬರ್ಟ್ ಕೂಗಿದ. ಲೆಸ್ಟರ್ ಸೋಡದ ಡಬ್ಬಿ ಎತ್ತಿ ಸಲಾಮು ಹೊಡೆದ.

ಲರೇನ್ ತನ್ನ ಕಾರನ್ನು ಹೊರತೆಗೆದು ಹಾರ್ನ್ ಮಾಡಿದಳು. ಚರ್ಚಿಗೆ ಹೊತ್ತಾಗಿತ್ತು. ಕಾರು ನಡೆಸುವುದು ಅವಳೇ. ಎಂದಿನಿಂದ ಹೀಗಾಯಿತು ಎನ್ನುವುದೂ ಅವನಿಗೆ ನೆನಪಿರಲಿಲ್ಲ, ಯಾರೂ ಹೇಳಿ ಮಾಡಿದ್ದಲ್ಲ, ಒಂದು ದಿನ ಅವಳು ಆ ಕಡೆ ಕೂತಿದ್ದಳು, ಇವನು ಈ ಕಡೆ ಕೂತ. ಪೆಟ್ರೋಲಿನಲ್ಲಿ ಕೈ ಒರೆಸಿಕೊಂಡು ಬಂದು ಸ್ಟೀರಿಂಗಿಲ್ಲದ ಬಲಗಡೆಯ ಸೀಟಿನಲ್ಲಿ ಕೂತ. ಲರೇನ್ ಅವನ ತೊಡೆಯ ಮೇಲೆ ಬುಟ್ಟಿಯಿಟ್ಟಳು. ಕಸೂತಿಯ ಬಿಳಿ ಬಟ್ಟೆಯ ಸಂದಿನಲ್ಲಿ ಬೆಣ್ಣೆಯ ಕುರಿಮರಿ ಇಣುಕುತ್ತಿತ್ತು. ಒಂದು ಕಣ್ಣು ಮೇಲೆ, ಇನ್ನೊಂದು ಕೆಳಗೆ.

"ಕೈ ವಾಸನೆ ಬರ್ತಿದೆ ಜಾಜಾ," ಎಂದಳು ಹಿಂದಿನಿಂದ ಜೋಸಿ, ತಾತನಿಗೆ. "ದೇವರ ಊಟ ಮುಟ್ಬೇಡ."

"ಮುಟ್ಟಲ್ಲ."

"ಬೆಲ್ಟು ಹಾಕ್ಕೊಂಡಿಲ್ಲ ನೀನು."

ಬುಟ್ಟಿ ಬಿಡಲಾರದೆ ಅವನು ತಡಕಾಡಿದ. ಜೋಸಿ ಸೀಟುಗಳ ನಡುವೆ ಮುಂದಕ್ಕೆ ಬಗ್ಗಿ, ಬೆಲ್ಟನ್ನು ಅವನ ಹೊಟ್ಟೆಯ ಮೇಲಿಂದ ಎಳೆದು, ಎಡಗಡೆಗೆ ತಂದು, ಎರಡೂ ಕೈಯಿಂದ ಒತ್ತಿದಳು. ಟಕ್.

"ಆಯ್ತು," ಎಂದು ಹಿಂದೆ ಸರಿದು ಕೂತಳು.

ಕಾರು ಬೀದಿ ದಾಟಿತು. ಅಂಗಡಿ, ಶಾಲೆ, ಮುಚ್ಚಿದ ಕಾರ್ಖಾನೆಯ ಗೋಡೆ. ಗೋಡೆ ಮುಗಿಯುತ್ತಿದ್ದಂತೆ ನಾರ್ಬರ್ಟನ ಎಡಗೈ ಬುಟ್ಟಿಯನ್ನು ಬಿಟ್ಟು ಮೆಲ್ಲಗೆ ಕೆಳಗಿಳಿದು ಬೆಲ್ಟಿನ ತುದಿಯನ್ನು ಹುಡುಕಿತು. ಸಿಕ್ಕಿತು. ಜಗ್ಗಿ ನೋಡಿದ. ಬಿಗಿಯಾಗಿತ್ತು. ಚರ್ಚಿನ ಇಳಿಜಾರು ಬಂದಾಗ ಮತ್ತೆ ಕೈ ಇಳಿಯಿತು.

"ಹಾಕಿದೀನಿ ಜಾಜಾ," ಎಂದಳು ಜೋಸಿ, ಯಾವ ಸಿಟ್ಟೂ ಇಲ್ಲದೆ, ಅಮ್ಮನ ದನಿಯಲ್ಲಿ. "ಆಗ್ಲೇ ನಾನೇ ಹಾಕಿದೀನಿ."